ಬಿಸಾಡೋ ಮುಂಚೆ ಒಂದ್ಸಲ ಬಿಚ್ಚಿ ನೋಡೋಣ

ನಮ್ಮೂರಲ್ಲಿ ಹಿಮ ಬೀಳಲ್ಲ. ಡಿಸೆಂಬರ್ ಬೆಳಗ್ಗೆ ಒಂಚೂರು ಮಂಜು ಕವಿದರೆ ಸಾಕು, ಎಂಟು ಗಂಟೆ ಕ್ಲಾಸಿನ ಅರ್ಧ ಬೆಂಚು ಖಾಲಿ. ಅಂಥದ್ರಲ್ಲಿ ಕನ್ನಡ ಸಂಘದ ಪತ್ರಿಕೆಯಲ್ಲಿ ಸ್ನೋಬೋರ್ಡ್ ರಿಪೇರಿ ಬಗ್ಗೆ ಯಾಕ್ರಪ್ಪಾ ಬರೀತೀರಾ ಅಂತ ಕೇಳೋರು ಕೇಳ್ತಾರೆ. ಕಾರಣ ಇದೆ. ಪ್ರತಿ ವರ್ಷ ಸೆಮಿಸ್ಟರ್ ರಜೆ ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿಂದ ಒಂದೆರಡು ಗುಂಪು ಮನಾಲಿ ಹತ್ತಿರದ ಸೋಲಂಗ್‌ಗೋ, ಉತ್ತರಾಖಂಡದ ಔಲಿಗೋ, ಕಾಶ್ಮೀರದ ಗುಲ್ಮಾರ್ಗ್‌ಗೋ ಹೊರಡುತ್ತೆ. ಈ ಸಲ ನಮ್ಮ ಟ್ರೆಕ್ಕಿಂಗ್ ಬಳಗದ ಮುಂದೆ ಎರಡು ಪಟ್ಟಿ ಇವೆ. ಒಂದು, ಹೊಸದಾಗಿ ಕೊಳ್ಳಬೇಕಾದ ಸಾಮಾನಿನದು. ಇನ್ನೊಂದು, ಸ್ಟೋರ್ ರೂಮಿನಿಂದ ಗುಜರಿಗೆ ಹೋಗಬೇಕಾದ ಸಾಮಾನಿನದು. ಎರಡನೇ ಪಟ್ಟಿಯಲ್ಲಿ ಹಳೇ ಸೀನಿಯರ್ ಒಬ್ಬರು ಬಿಟ್ಟುಹೋದ ಎರಡು ಸ್ನೋಬೋರ್ಡ್, ಎರಡು ಜೊತೆ ಬೂಟು, ಒಂಬತ್ತು ಜಾಕೆಟ್, ಆರು ಪ್ಯಾಂಟ್, ಮೂರು ಹೆಲ್ಮೆಟ್ ಇವೆ. ಪಟ್ಟಿಗೆ ಸಹಿ ಬೀಳೋ ಮುಂಚೆ ನಮ್ಮ ಮಾತು ಇಷ್ಟೇ: ಆ ಎರಡನೇ ಪಟ್ಟಿಯಲ್ಲಿ ಇರೋದು ಬಹುಪಾಲು ಗುಜರಿ ಅಲ್ಲ. ಇಂಜಿನಿಯರಿಂಗ್ ಓದೋ ನಾವೇ ಬಿಚ್ಚಿ ನೋಡದೆ ಅದನ್ನ ಗುಜರಿ ಅಂದರೆ, ನಾಲ್ಕು ವರ್ಷ ಕಲಿಯೋದಾದ್ರೂ ಏನು?

ಮೊದಲು ಆ ಹಲಗೆ ಏನು ಅಂತ ನೋಡೋಣ. 1965ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರಲ್ಲಿ ಶೆರ್ಮನ್ ಪಾಪೆನ್ ಅನ್ನೋ ಇಂಜಿನಿಯರ್ ತಮ್ಮ ಮಕ್ಕಳ ಆಟಕ್ಕೆ ಅಂತ ಎರಡು ಸ್ಕೀ ಪಟ್ಟಿಗಳನ್ನ ಪಕ್ಕಪಕ್ಕ ಜೋಡಿಸಿ ಬಿಗಿದರು. ಅದೇ ಮುಂದೆ 'ಸ್ನರ್ಫರ್' ಆಯ್ತು. 1977ರಲ್ಲಿ ವರ್ಮಾಂಟ್‌ನಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ಹಲಗೆ ಮಾಡೋ ಕಂಪನಿ ಶುರು ಮಾಡಿದರು. 1998ರ ನಾಗಾನೋ ಚಳಿಗಾಲದ ಒಲಿಂಪಿಕ್ಸ್‌ಗೆ ಸ್ನೋಬೋರ್ಡಿಂಗ್ ಹೋಯ್ತು. ಅಂದ್ರೆ ಈ ಆಟ ಹುಟ್ಟಿದ್ದೇ ಮನೆಯಲ್ಲಿದ್ದ ಸಾಮಾನನ್ನ ಬಿಚ್ಚಿ, ಜೋಡಿಸಿ ನೋಡಿದ ಕೈಯಿಂದ. ಇವತ್ತು ಅದೇ ಆಟದ ಸಾಮಾನನ್ನ ಮುಟ್ಟೋಕೆ ನಾವು ಹೆದರ್ತೀವಿ.

ಹಲಗೆಯನ್ನ ಅಡ್ಡ ಕೊಯ್ದರೆ ಕಾಣೋದೆಲ್ಲ ನಮ್ಮ ಸಿಲಬಸ್ಸೇ. ಮಧ್ಯದಲ್ಲಿ ಪಾಪ್ಲರ್ ಥರದ ಹಗುರ ಮರದ ತಿರುಳು. ಅದರ ಮೇಲೂ ಕೆಳಗೂ ಎಪಾಕ್ಸಿಯಲ್ಲಿ ನೆನೆಸಿದ ಗ್ಲಾಸ್ ಫೈಬರ್. ಕೆಳಗಡೆ ಹಿಮದ ಮೇಲೆ ಜಾರೋ ತಳ, ಅದು ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್. ಸುತ್ತ ಸ್ಟೀಲಿನ ಅಂಚು, ಪಕ್ಕದಲ್ಲಿ ಎಬಿಎಸ್ ಪ್ಲಾಸ್ಟಿಕ್ ಗೋಡೆ, ಮೇಲೆ ಬಣ್ಣದ ಹಾಳೆ. ಮೆಕ್ಯಾನಿಕಲ್‌ನವರು ಸ್ಯಾಂಡ್‌ವಿಚ್ ಬೀಮ್ ಅಂತ ಬೋರ್ಡಿನ ಮೇಲೆ ಬರೆದು ಅಳಿಸೋದು ಇದನ್ನೇ. ಹೊರಪದರ ಎಳೆತ, ಒತ್ತಡ ತಡೀತದೆ, ತಿರುಳು ಶಿಯರ್ ತಡೀತದೆ. ಎಲ್ಲ ಪದರವೂ ಒಂದಕ್ಕೊಂದು ಅಂಟಿಕೊಂಡಿರೋ ತನಕ ಅದು ಹಲಗೆ. ಅಂಟು ಬಿಟ್ಟ ಜಾಗದಲ್ಲಿ ಬರೀ ಮರದ ಚೂರು, ಪ್ಲಾಸ್ಟಿಕ್ ಚೂರು. ಹಾಗಾಗಿ ರಿಪೇರಿಯ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಪೆಟ್ಟು ಎಷ್ಟು ಆಳ ಹೋಗಿದೆ?

ತಳದ ಮೇಲೆ ಉಗುರಿಗೆ ತಗಲೋ ಅಷ್ಟು ಗೀರು ಇದ್ದರೆ ಅದೊಂದು ಕಾಯಿಲೆನೇ ಅಲ್ಲ. ತುಸು ಆಳದ ಗುಂಡಿಯಾದರೆ ಪಾಲಿಎಥಿಲೀನ್ ಕಡ್ಡಿ ಸಿಗುತ್ತೆ, ಅದನ್ನ ಮೇಣದಬತ್ತಿ ಥರ ಹಚ್ಚಿ ಗುಂಡಿಗೆ ತೊಟ್ಟಿಕ್ಕಿಸಿ, ಆರಿದ ಮೇಲೆ ಸ್ಕ್ರೇಪರ್‌ನಿಂದ ಮಟ್ಟ ಮಾಡೋದು. ಜ್ವಾಲೆ ಚಿಕ್ಕದಾಗಿ ನೀಲಿಯಾಗಿರಬೇಕು, ಹೊಗೆ ಎದ್ದರೆ ಮಸಿ ಸೇರಿ ಅಂಟು ಹಿಡಿಯಲ್ಲ. ಕಡ್ಡಿಯನ್ನ ಲೋಹದ ಸ್ಕ್ರೇಪರ್ ಹತ್ತಿರವೇ ಹಿಡಿದರೆ ಜ್ವಾಲೆ ಹತೋಟಿಯಲ್ಲಿರುತ್ತೆ.

ಗುಂಡಿಯಲ್ಲಿ ಮರ ಇಣುಕಿತು ಅಂದ್ರೆ ಮಾತ್ರ ವಿಷಯ ಬೇರೆ. ಅಲ್ಲಿಂದ ನೀರು ಒಳಗೆ ಹೋಗುತ್ತೆ. ನೀರು ಹೆಪ್ಪುಗಟ್ಟಿದಾಗ ಗಾತ್ರದಲ್ಲಿ ಸುಮಾರು 9 ಶೇಕಡಾ ಹಿಗ್ಗುತ್ತೆ ಅಂತ ನಾವು ಹೈಸ್ಕೂಲಲ್ಲೇ ಓದಿದೀವಿ. ಹಗಲು ನೀರು, ರಾತ್ರಿ ಮಂಜುಗಡ್ಡೆ, ಮತ್ತೆ ಹಗಲು ನೀರು. ನಾಲ್ಕು ದಿನದ ಪ್ರವಾಸ ಮುಗಿಯೋ ಅಷ್ಟರಲ್ಲಿ ಬೆರಳಗಲದ ಗಾಯ ಅಂಗೈ ಅಗಲದ ಬಿರುಕಾಗಿರುತ್ತೆ. ಅಂಥ ಗಾಯವನ್ನ ಮೊದಲು ಪೂರ್ತಿ ಒಣಗಿಸಬೇಕು, ಒಂದೆರಡು ದಿನವಾದರೂ. ಆಮೇಲೆ ಎಪಾಕ್ಸಿ ತುಂಬಿ, ಎರಡು ಕಡೆ ಮರದ ತುಂಡಿಟ್ಟು ಕ್ಲ್ಯಾಂಪ್ ಬಿಗಿದು, ಡಬ್ಬದ ಮೇಲೆ ಬರೆದಿರೋ ಅಷ್ಟು ಹೊತ್ತು ಮುಟ್ಟದೆ ಬಿಡಬೇಕು. ಗುಲ್ಮಾರ್ಗ್‌ನಲ್ಲಿ 2024ರ ಜನವರಿಯಲ್ಲಿ ಹಿಮ ಇಲ್ಲದೆ ಇಳಿಜಾರೆಲ್ಲ ಒಣಗಿ ಕಂದು ಬಣ್ಣ ತಿರುಗಿದ್ದ ಫೋಟೋ ನೀವೂ ನೋಡಿರ್ತೀರಿ. ಹಿಮದ ಪದರ ತೆಳುವಾದಷ್ಟೂ ಕೆಳಗಿನ ಕಲ್ಲು ಹಲಗೆಗೆ ಸಿಗೋದು ಜಾಸ್ತಿ. ಅಂದ್ರೆ ಮುಂದೆ ಈ ಥರದ ಗಾಯಗಳು ಹೆಚ್ಚೇ ಆಗ್ತವೆ, ಕಡಿಮೆ ಆಗಲ್ಲ. ನಮ್ಮ ಸ್ಟೋರ್ ರೂಮಿನ ಎರಡು ಹಲಗೆಗಳಲ್ಲಿ ಒಂದಕ್ಕೆ ಇರೋದು ಇಂಥದ್ದೇ ಒಂದು ಗಾಯ, ಅಂಚಿನಿಂದ ದೂರ, ನಡು ತಳದಲ್ಲಿ. ಇನ್ನೊಂದಕ್ಕೆ ಇರೋದು ಬರೀ ತುಕ್ಕು.

ತುಕ್ಕು ಅಂದ ತಕ್ಷಣ ಅಂಚಿನ ವಿಷಯಕ್ಕೆ ಬರಬೇಕು. ಇಲ್ಲಿ ನಮಗೆ ನಿಜವಾಗಲೂ ನಗು ಬರುತ್ತೆ. ಮೊದಲ ವರ್ಷದ ವರ್ಕ್‌ಶಾಪ್ ನೆನಪಿದೆಯಲ್ಲ? ಎಂ.ಎಸ್. ಪ್ಲೇಟನ್ನ ವೈಸ್‌ಗೆ ಕಚ್ಚಿಸಿ, ಫೈಲ್ ಹಿಡಿದು, ಟ್ರೈಸ್ಕ್ವೇರ್ ಇಟ್ಟು ಬೆಳಕು ಕಾಣದ ಹಾಗೆ ಉಜ್ಜಿ ಉಜ್ಜಿ ಅಂಗೈಗೆ ಬೊಬ್ಬೆ ಬಂದಿದ್ದು? ಫೈಲನ್ನ ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತು, ಹಿಂದಕ್ಕೆ ಎಳೆಯುವಾಗ ಎತ್ತು ಅಂತ ಇನ್‌ಸ್ಟ್ರಕ್ಟರ್ ದಿನಕ್ಕೆ ಇಪ್ಪತ್ತು ಸಲ ಕೂಗಿದ್ದು? ಸ್ನೋಬೋರ್ಡಿನ ಅಂಚು ಹರಿತ ಮಾಡೋದು ಅದೇ ವಿದ್ಯೆ. ಮೇಲಿನ ತುಕ್ಕನ್ನ ಕಲ್ಲಿನಿಂದ ತೆಗೆದು, ಕೋನ ಕಾಪಾಡೋ ಗೈಡ್ ಇಟ್ಟುಕೊಂಡು, 90 ಡಿಗ್ರಿಗೋ ಅದಕ್ಕಿಂತ ಒಂದೆರಡು ಡಿಗ್ರಿ ಒಳಕ್ಕೋ, ಒಂದೇ ದಿಕ್ಕಿನಲ್ಲಿ ಫೈಲ್ ಎಳೆಯೋದು. ಆಮೇಲೆ ಬೆರಳಿಗೆ ಚುಚ್ಚೋ ಬರ್ ತೆಗೆಯೋದು. ಮೊಂಡಾದ ಅಂಚಿನ ಹಲಗೆ ಗಟ್ಟಿ ಹಿಮದ ಮೇಲೆ ಕಚ್ಚಲ್ಲ, ತಿರುಗಿಸಬೇಕಾದ ಕಡೆ ತಿರುಗಲ್ಲ, ಬೀಳಿಸುತ್ತೆ. ಪ್ರಾಕ್ಟಿಕಲ್ ಪರೀಕ್ಷೆಗೆ ಅಂತ ನೂರಾರು ಪ್ಲೇಟ್ ಉಜ್ಜಿ, ಅಂಕ ತಗೊಂಡು, ಆ ಪ್ಲೇಟ್‌ಗಳನ್ನ ಸ್ಕ್ರ್ಯಾಪ್ ಡಬ್ಬಕ್ಕೆ ಹಾಕೋ ಕಾಲೇಜಿನಲ್ಲಿ, ಉಜ್ಜಿದರೆ ಉಪಯೋಗಕ್ಕೆ ಬರೋ ಒಂದು ಅಂಚು ತುಕ್ಕು ಹಿಡಿದು ಗುಜರಿ ಪಟ್ಟಿ ಸೇರಿದೆ. ಇದಕ್ಕೆ ಏನನ್ನಬೇಕು ನೀವೇ ಹೇಳಿ.

ಮೇಣದ ವಿಷಯ ಇನ್ನೂ ಸುಲಭ. ತಳ ಅಂಚಿನ ಪಕ್ಕ ಬಿಳಿಚಿಕೊಂಡು ಒಣಗಿದ ಹಾಗೆ ಕಂಡರೆ ಮೇಣ ಬೇಕು ಅಂತ ಅರ್ಥ. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಮೇಣ ಕರಗಿಸಿ ತೊಟ್ಟಿಕ್ಕಿಸಿ, ಪೆಟ್ಟಿಗೆಯನ್ನ ಎಲ್ಲೂ ನಿಲ್ಲಿಸದೆ ಓಡಿಸ್ತಾ ಹರಡಬೇಕು. ಮೇಣ ಹೊಗೆಯಾಡಿದರೆ ಬಿಸಿ ಜಾಸ್ತಿ ಆಯ್ತು ಅಂತ. ತಣ್ಣಗಾದ ಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಹೆರೆದು, ಬ್ರಶ್‌ನಿಂದ ಉಜ್ಜಿದರೆ ಆಯ್ತು. ಆ ಪೆಟ್ಟಿಗೆ ಮತ್ತೆ ಬಟ್ಟೆಗೆ ಬೇಡ, ರೂಮ್‌ಮೇಟ್ ಶರ್ಟು ಹಾಳಾದೀತು. ಫ್ಲೋರಿನ್ ಬೆರೆಸಿದ ಮೇಣ ಮಾತ್ರ ಯಾರಾದ್ರೂ ಪುಕ್ಕಟೆ ಕೊಟ್ಟರೂ ಬೇಡ. ಅದರಲ್ಲಿರೋ ಪಿಎಫ್ಎಎಸ್ ರಾಸಾಯನಿಕಗಳು ಮಣ್ಣು ನೀರಿಗೆ ಸೇರಿದರೆ ಸುಲಭಕ್ಕೆ ಕರಗಿ ಹೋಗುವಂಥವಲ್ಲ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವೇ 2023–24ರ ಸೀಸನ್‌ನಿಂದ ತನ್ನ ಸ್ಪರ್ಧೆಗಳಲ್ಲಿ ಅದನ್ನ ಪೂರ್ತಿ ನಿಷೇಧಿಸಿದೆ. ನಮ್ಮ ಹವಾಮಾನಕ್ಕೆ ಇನ್ನೊಂದು ಮಾತು: ಪ್ರವಾಸದಿಂದ ಬಂದ ಮೇಲೆ ತಳಕ್ಕೂ ಅಂಚಿಗೂ ದಪ್ಪಗೆ ಮೇಣ ಬಳಿದು, ಹೆರೆಯದೆ ಹಾಗೇ ಎತ್ತಿಡಬೇಕು. ಮಳೆಗಾಲದ ತೇವಕ್ಕೆ ಅಂಚು ತುಕ್ಕು ಹಿಡಿಯೋದು ಅಷ್ಟಕ್ಕೇ ತಪ್ಪುತ್ತೆ. ಇನ್ನು ಪಾದ ಹಿಡಿದಿಡೋ ಬೈಂಡಿಂಗ್‌ನ ಸ್ಕ್ರೂಗಳು ಸಾಮಾನ್ಯವಾಗಿ ಎಂ6. ಕಂಪನಕ್ಕೆ ಸಡಿಲ ಆಗ್ತವೆ ಅಂತ ಲ್ಯಾಬಿನ ಥ್ರೆಡ್‌ಲಾಕರ್ ದ್ರವ ಸುರಿಯೋಕೆ ಹೋಗಬೇಡಿ. ಕೆಲವು ಪ್ಲಾಸ್ಟಿಕ್‌ಗಳು ಅದು ತಗುಲಿದ ಕಡೆ ಸಣ್ಣಗೆ ಬಿರುಕು ಬಿಡ್ತವೆ. ದಿನಾ ಬೆಳಗ್ಗೆ ಹೊರಡೋ ಮುಂಚೆ ಸರಿಯಾದ ಅಳತೆಯ ಬಿಟ್ ಹಾಕಿ ಒಂದು ಸುತ್ತು ಬಿಗಿ ನೋಡಿದರೆ ಸಾಕು.

ಹಲಗೆ ಎಲ್ಲರಿಗೂ ಬೇಕಿಲ್ಲ, ಬಟ್ಟೆ ಎಲ್ಲರಿಗೂ ಬೇಕು. ಆಗುಂಬೆ, ಕುದುರೆಮುಖ, ಕುಮಾರಪರ್ವತಕ್ಕೆ ಮಳೆಯಲ್ಲಿ ಹೋಗೋರಿಗೂ ಇದೇ ಜಾಕೆಟ್ಟು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳ್ತೀವಿ.

"ಜಾಕೆಟ್ ನೀರು ಬಿಡ್ತಾ ಇದೆ, ಹೋಯ್ತು ಅದು" ಅನ್ನೋದು ನಮ್ಮಲ್ಲಿ ಸಾಮಾನ್ಯ ಮಾತು. ಹತ್ತರಲ್ಲಿ ಎಷ್ಟೋ ಸಲ ಅದು ಹೋಗಿರಲ್ಲ, ಕೊಳೆಯಾಗಿರುತ್ತೆ ಅಷ್ಟೇ. ಇಂಥ ಜಾಕೆಟ್‌ನಲ್ಲಿ ನೀರು ತಡೆಯೋ ಕೆಲಸ ಒಳಗಿನ ತೆಳು ಪೊರೆಯದ್ದು. 1969ರಲ್ಲಿ ಬಾಬ್ ಗೋರ್ ಬಿಸಿ ಮಾಡಿದ ಪಿಟಿಎಫ್ಇ ಕಡ್ಡಿಯನ್ನ ಫಕ್ಕನೆ ಎಳೆದು ನೋಡಿದಾಗ ಅದು ಮುರಿಯದೆ ಹಿಗ್ಗಿ ಸಣ್ಣ ಸಣ್ಣ ರಂಧ್ರಗಳ ಬಲೆಯಾಯ್ತು. ಗೋರ್‌ಟೆಕ್ಸ್ ಹುಟ್ಟಿದ್ದು ಹಾಗೆ. ನೀರಿನ ಹನಿ ಒಳಗೆ ನುಗ್ಗದಷ್ಟು ಚಿಕ್ಕ ರಂಧ್ರ, ಬೆವರಿನ ಆವಿ ಹೊರಗೆ ಹೋಗೋ ಅಷ್ಟು ದೊಡ್ಡ ರಂಧ್ರ. ಆದರೆ ಆ ಪೊರೆಯ ಮೇಲಿನ ಬಟ್ಟೆಗೆ ಬೇರೆಯೇ ಒಂದು ಲೇಪ ಇರುತ್ತೆ, ನೀರು ಕೆಸುವಿನ ಎಲೆ ಮೇಲಿನ ಹನಿ ಹಾಗೆ ಉರುಳಿ ಹೋಗ್ಲಿ ಅಂತ. ಬೆವರು, ಎಣ್ಣೆ, ಹೊಗೆ, ಸೋಪಿನ ಉಳಿಕೆ ಸೇರಿ ಆ ಲೇಪ ಮುಚ್ಚಿಹೋದರೆ ಮೇಲಿನ ಬಟ್ಟೆ ನೀರು ಹೀರಿ ಭಾರ ಆಗುತ್ತೆ. ಆವಿ ಹೊರಗೆ ಹೋಗೋಕೆ ದಾರಿ ಇರಲ್ಲ. ನಮ್ಮದೇ ಬೆವರು ಒಳಗೆ ತಣ್ಣಗಾಗಿ ನಮ್ಮನ್ನೇ ನೆನೆಸುತ್ತೆ. ಹೊರಗಿಂದ ನೀರು ಬಂತು ಅಂತ ನಾವು ಅಂದ್ಕೋತೀವಿ.

ಹೋದ ವರ್ಷ ಸೋಲಂಗ್‌ಗೆ ಹೋದ ನಮ್ಮವರಿಗೆ ಒಂದು ಬಾಡಿಗೆ ಅಂಗಡಿಯಲ್ಲಿ ಸಿಕ್ಕ ಜಾಕೆಟ್‌ಗಳ ಕತೆ ಇದೇ. ಬೆಳಗ್ಗೆ ಹತ್ತಕ್ಕೆ ಹಾಕಿಕೊಂಡದ್ದು ಹನ್ನೊಂದೂವರೆಗೆ ಒದ್ದೆ ಗೋಣಿಚೀಲ. ಇಬ್ಬರು ನಡುಗ್ತಾ ಕೆಳಗಿಳಿದು ಚಹಾದಂಗಡಿಯ ಒಲೆ ಪಕ್ಕ ಕೂತರು, ಆ ದಿನದ ದುಡ್ಡು ಹಿಮದಪಾಲು. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತರೆ ಮೈ ಶಾಖ ಎಷ್ಟು ಬೇಗ ಹೋಗುತ್ತೆ ಅಂತ ಹೀಟ್ ಟ್ರಾನ್ಸ್‌ಫರ್ ಓದಿದೋರಿಗೆ ವಿವರಿಸಬೇಕಿಲ್ಲ. ಇದು ಬರೀ ದುಡ್ಡಿನ ಮಾತಲ್ಲ, ಚಳಿಯಲ್ಲಿ ಕೈಕಾಲು ಮರಗಟ್ಟೋ ಮಾತು.

ಹಾಗಾದ್ರೆ ಮಾಡಬೇಕಾದ್ದೇನು? ಹಾಸ್ಟೆಲ್ ಬಕೆಟ್, ಸೋಪಿನ ಪುಡಿ, ಗಟ್ಟಿ ಬ್ರಶ್, ಕೊನೆಗೆ ಘಮಘಮ ಅನ್ನೋಕೆ ಕಂಡೀಷನರ್ ಅನ್ನೋ ನಮ್ಮ ಮಾಮೂಲಿ ಪದ್ಧತಿ ಬಿಡಬೇಕು. ಪುಡಿಯ ಉಳಿಕೆಯೂ ಕಂಡೀಷನರಿನ ಪದರವೂ ನೀರನ್ನ ಕರೆದು ಕೂರಿಸ್ತವೆ. ಜಿಪ್ಪು, ವೆಲ್ಕ್ರೋ ಎಲ್ಲ ಮುಚ್ಚಿ, ಇಂಥ ಬಟ್ಟೆಗೆಂದೇ ಸಿಗೋ ದ್ರವವನ್ನೋ, ಅದು ಸಿಗದಿದ್ರೆ ಬಣ್ಣ-ವಾಸನೆ ಇಲ್ಲದ ಸೌಮ್ಯ ದ್ರವ ಸೋಪನ್ನೋ ಸ್ವಲ್ಪವೇ ಹಾಕಿ ಒಗೆದು, ಎರಡು ಮೂರು ಸಲ ಚೆನ್ನಾಗಿ ಜಾಲಿಸಬೇಕು. ಹಿಂಡಬಾರದು. ಒಣಗಿದ ಮೇಲೆ ಲೇಬಲ್ ಒಪ್ಪಿದರೆ ಡ್ರೈಯರ್‌ನಲ್ಲಿ ಇಪ್ಪತ್ತು ನಿಮಿಷ, ಇಲ್ಲವಾದ್ರೆ ಮೇಲೊಂದು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ, ಆವಿ ಇಲ್ಲದೆ ಇಸ್ತ್ರಿ. ಆ ಶಾಖಕ್ಕೆ ಲೇಪ ಮತ್ತೆ ಎಚ್ಚರ ಆಗುತ್ತೆ. ನೀರು ಚಿಮುಕಿಸಿ ನೋಡಿ. ಹನಿ ಉರುಳಿದರೆ ಗೆದ್ದಿರಿ. ಉರುಳದಿದ್ರೆ ಮಾತ್ರ ಹೊಸ ಲೇಪದ ಸ್ಪ್ರೇ, ಫ್ಲೋರಿನ್ ಇಲ್ಲದ್ದು.

ಹರಿದ ಕಡೆ ತೇಪೆ ಹಾಕೋದಕ್ಕೂ ಸೈಕಲ್ ಪಂಕ್ಚರ್ ಹಾಕೋದಕ್ಕೂ ಬಹಳ ವ್ಯತ್ಯಾಸ ಇಲ್ಲ. ಜಾಗವನ್ನ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ನೈಲಾನ್ ರಿಪೇರಿ ಟೇಪನ್ನ ಮೂಲೆ ದುಂಡಗೆ ಕತ್ತರಿಸಿ ಒತ್ತಿ ಅಂಟಿಸೋದು. ಮೂಲೆ ಯಾಕೆ ದುಂಡಗೆ? ಚೂಪು ಮೂಲೆಯಲ್ಲಿ ಸ್ಟ್ರೆಸ್ ಕೂಡಿಕೊಳ್ಳುತ್ತೆ, ಅಲ್ಲಿಂದಲೇ ಏಳುತ್ತೆ. ವಿಮಾನದ ಕಿಟಕಿ ದುಂಡಗಿರೋದೂ ಇದಕ್ಕೇ ಅಲ್ವಾ? ಹೊಲಿಗೆ ಹಾಕಿಸಿದರೆ ಸೂಜಿ ತೂತುಗಳಿಗೆ ಸೀಮ್ ಸೀಲರ್ ಹಚ್ಚಲೇಬೇಕು. ಜಿಪ್ಪು ಹಿಂದೆ ಹಿಂದೆ ಬಿಚ್ಚಿಕೊಳ್ತಾ ಹೋದರೆ ತಪ್ಪು ಹಲ್ಲಿನದಲ್ಲ, ಸವೆದು ಬಾಯಿ ಅಗಲವಾದ ರನ್ನರಿನದು. ಇಕ್ಕಳದಿಂದ ಎರಡು ಪಕ್ಕ ಹಗುರಕ್ಕೆ ಅದುಮಿ ನೋಡಿ, ಆಗದಿದ್ರೆ ಅದೇ ನಂಬರಿನ ಹೊಸ ರನ್ನರ್ ಹಾಕಿಸಿ. ನಮ್ಮ ಗೇಟಿನೆದುರಿನ ಬ್ಯಾಗ್ ರಿಪೇರಿ ಅಣ್ಣ ಇದನ್ನ ನಾವು ಚಹಾ ಕುಡಿದು ಮುಗಿಸೋ ಅಷ್ಟರಲ್ಲಿ ಮಾಡಿಕೊಡ್ತಾರೆ. ಗುಜರಿ ಪಟ್ಟಿಯ ಒಂಬತ್ತು ಜಾಕೆಟ್‌ಗಳಲ್ಲಿ ನಾಲ್ಕರ ಕಾಯಿಲೆ ಬರೀ ಜಿಪ್ಪು. ಜಿಪ್ಪಿಗಾಗಿ ಜಾಕೆಟ್ ಬಿಸಾಡೋದು ಅಂದ್ರೆ ಪಂಕ್ಚರಿಗೆ ಬೈಕ್ ಮಾರಿದ ಹಾಗೆ.

ಎಲ್ಲವೂ ರಿಪೇರಿ ಆಗುತ್ತೆ ಅಂತ ನಾವು ಹೇಳ್ತಿಲ್ಲ. ಹೆಲ್ಮೆಟ್ ಒಳಗಿನ ಇಪಿಎಸ್ ಫೋಮ್ ಒಂದು ದೊಡ್ಡ ಪೆಟ್ಟಿಗೆ ಜಜ್ಜಿಹೋಗೋಕೆಂದೇ ಮಾಡಿದ್ದು. ಜಜ್ಜಿದ ಮೇಲೆ ಅದರ ಕೆಲಸ ಮುಗೀತು, ಹೊರಗೆ ಗೀರು ಕಾಣದಿದ್ದರೂ. ಆ ಮೂರು ಹೆಲ್ಮೆಟ್‌ಗಳ ಇತಿಹಾಸ ಯಾರಿಗೂ ಗೊತ್ತಿಲ್ಲ, ಅವು ಹೋಗಲಿ, ಹೊಸದಕ್ಕೆ ಮೊದಲ ದುಡ್ಡು ಅಲ್ಲಿಗೇ. ಬಿರುಕು ಬಿಟ್ಟ ಬೈಂಡಿಂಗ್ ತಳಕ್ಕೂ, ಅಂಚು ಕಿತ್ತು ಉದ್ದಕ್ಕೆ ಪದರ ಬಿಟ್ಟ ಹಲಗೆಗೂ ಅಂಟು ಹಾಕಿ ಇನ್ನೊಬ್ಬರ ಕಾಲಿಗೆ ಕಟ್ಟಬಾರದು. ಒಳಗಿನ ಪಾಲಿಯುರೆಥೇನ್ ಲೇಪ ಅಂಟಂಟಾಗಿ, ಹೊಟ್ಟಿನ ಹಾಗೆ ಉದುರುತ್ತಿದ್ದರೆ ಅದೂ ಮುಗಿದ ಕತೆ. ಅದು ಹೈಡ್ರಾಲಿಸಿಸ್, ತೇವ ಮತ್ತು ಸೆಕೆ ಎರಡೂ ಸೇರಿ ಪಾಲಿಮರ್ ಸರಪಳಿಯನ್ನೇ ಕತ್ತರಿಸಿರುತ್ತೆ. ವರ್ಷಗಟ್ಟಲೆ ಡಬ್ಬದಲ್ಲಿದ್ದ ಟ್ರೆಕ್ಕಿಂಗ್ ಶೂವಿನ ಅಟ್ಟೆ ಮೊದಲ ದಿನವೇ ಪುಡಿಯಾಗೋದೂ ಇದರಿಂದಲೇ. ಮಂಗಳೂರು ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಪಟ್ಟಿಯಲ್ಲಿ ಇಂಥ ಜಾಕೆಟ್ ಎರಡಿವೆ. ಒದ್ದೆ ಬಟ್ಟೆಯನ್ನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಸ್ಟೋರ್ ರೂಮಿಗೆ ಎಸೆದರೆ ಉಳಿದವೂ ಅದೇ ದಾರಿ ಹಿಡೀತವೆ. ಗಾಳಿಯಾಡೋ ಕಡೆ ನೇತುಹಾಕಿದರೆ ಇನ್ನಷ್ಟು ವರ್ಷ ಬಾಳ್ತವೆ. ಬೂಟಿನ ವಿಷಯವೂ ಅಷ್ಟೇ: ಒಳಗವಸು ಹೊರಗೆ ತೆಗೆದು, ನ್ಯೂಸ್‌ಪೇಪರ್ ತುರುಕಿ ನೆರಳಲ್ಲಿ ಒಣಗಿಸೋದು, ಹೀಟರ್ ಮುಂದೆ ಅಲ್ಲ.

"ಇಷ್ಟೆಲ್ಲ ಮಾಡೋಕೆ ಟೈಮ್ ಎಲ್ಲಿದೆ ಗುರು, ಹೊಸದು ತಗೊಂಡ್ರೆ ಮುಗೀತು" ಅನ್ನೋ ಮಾತು ಬರುತ್ತೆ. ನ್ಯಾಯವಾದ ಮಾತೇ. ಇಂಟರ್ನಲ್ಸ್, ಪ್ಲೇಸ್‌ಮೆಂಟ್, ಪ್ರಾಜೆಕ್ಟ್ ನಡುವೆ ಜಾಕೆಟ್ ಒಗೀತಾ ಕೂರೋಕೆ ಯಾರಿಗೆ ಪುರುಸೊತ್ತು. ಆದರೆ ಹೊಸದಕ್ಕೆ ದುಡ್ಡು ಕೊಡೋರು ಯಾರು? ಬಳಗದ ವಂತಿಗೆ ಹೆಚ್ಚಾಗುತ್ತೆ. ವಂತಿಗೆ ಹೆಚ್ಚಾದಷ್ಟೂ ಬರೋರು ಕಡಿಮೆ ಆಗ್ತಾರೆ. ಮನೆಯಿಂದ ದುಡ್ಡು ತರಿಸಿಕೊಳ್ಳೋಕೆ ಆಗದ ಹುಡುಗ, ಹುಡುಗಿ "ನಂಗೆ ಚಳಿ ಆಗಲ್ಲಪ್ಪ, ನೀವು ಹೋಗಿಬನ್ನಿ" ಅಂತ ನಗ್ತಾ ಹಿಂದೆ ಸರೀತಾರೆ. ಹೀಗೆ ಸರಿದವರು ನಮ್ಮ ನಡುವೆ ಇದ್ದಾರೆ. ಸ್ಟೋರ್ ರೂಮಿನಲ್ಲಿ ಮೂರು ಒಳ್ಳೇ ಜಾಕೆಟ್ ಉಳಿದರೆ, ಬಸ್ಸಿನಲ್ಲಿ ಮೂರು ಸೀಟು ತುಂಬುತ್ತೆ. ನಮಗೆ ಇದಕ್ಕಿಂತ ದೊಡ್ಡ ಲೆಕ್ಕ ಬೇಕಿಲ್ಲ.

ಹೊರಗಿನ ಪ್ರಪಂಚವೂ ನಿಧಾನಕ್ಕೆ ಈ ಕಡೆ ತಿರುಗ್ತಾ ಇದೆ. 2011ರಲ್ಲಿ ಪ್ಯಾಟಗೋನಿಯಾ ಕಂಪನಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ "ಈ ಜಾಕೆಟ್ ಕೊಳ್ಳಬೇಡಿ" ಅಂತ ತನ್ನದೇ ಜಾಕೆಟ್‌ನ ಜಾಹೀರಾತು ಕೊಟ್ಟಿತ್ತು. ವ್ಯಾಪಾರದ ಜಾಣತನ ಅದರಲ್ಲಿ ಇಲ್ಲ ಅಂತಲ್ಲ, ಆದರೆ ರಿಪೇರಿಯನ್ನೂ ಅದು ಮಾಡಿಕೊಡುತ್ತೆ. ಫ್ರಾನ್ಸ್‌ನಲ್ಲಿ 2023ರ ನವೆಂಬರ್‌ನಿಂದ ಬಟ್ಟೆ, ಶೂ ರಿಪೇರಿ ಮಾಡಿಸಿದರೆ 6ರಿಂದ 25 ಯೂರೋ ತನಕ ರಿಯಾಯಿತಿ. ನಮ್ಮ ಕೇಂದ್ರ ಸರ್ಕಾರವೂ 2022ರ ಜುಲೈನಲ್ಲಿ ರಿಪೇರಿ ಹಕ್ಕಿಗೆ ಅಂತ ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಸಾಮಾನು, ವಾಹನ ಅದರ ಮೊದಲ ಪಟ್ಟಿಯಲ್ಲಿವೆ, ಬಟ್ಟೆ, ಆಟದ ಸಾಮಾನು ಇಲ್ಲ. ಆದ್ರೆ ಹಕ್ಕು ಕಾಗದದ ಮೇಲೆ ಬಂದ ದಿನ ಮಾಡೋ ಕೈಗಳೇ ಇರದಿದ್ರೆ? ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ನಮ್ಮ ಅಕ್ಕಂದಿರು, ಅಮ್ಮಂದಿರು ಹೊರದೇಶಕ್ಕೆ ಜಾಕೆಟ್ ಹೊಲೀತಾರೆ. ಅಷ್ಟು ನುರಿತ ಕೈಗಳಿರೋ ನಾಡಿನಲ್ಲಿ ಜಿಪ್ಪು ಹೋದ ಜಾಕೆಟ್ಟಿಗೆ ಗತಿ ಇಲ್ಲ ಅನ್ನೋದು ನಮ್ಮ ಸೋಮಾರಿತನ.

ಹಾಗಾಗಿ ನಮ್ಮ ಬೇಡಿಕೆ ನಾಲ್ಕೇ. ಒಂದು, ಗುಜರಿ ಪಟ್ಟಿಗೆ ಈಗಲೇ ಸಹಿ ಬೇಡ, ಪ್ರತಿ ಸಾಮಾನಿಗೂ ಒಂದು ಚೀಟಿ ಕಟ್ಟಿ ಏನಾಗಿದೆ ಅಂತ ಬರೆಯೋಣ. ಎರಡು, ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಎರಡು ಗಂಟೆ ಮೆಕ್ಯಾನಿಕಲ್ ವರ್ಕ್‌ಶಾಪ್ ತೆರೆದುಕೊಡಲಿ. ವೈಸ್, ಫೈಲ್, ಕ್ಲ್ಯಾಂಪ್ ಎಲ್ಲ ಅಲ್ಲೇ ಇವೆ, ಎಪಾಕ್ಸಿ ತರೋಕೆ ಎಸ್.ಜೆ.ಪಿ. ರಸ್ತೆಗೆ ಒಂದು ಮೆಟ್ರೋ ಟಿಕೆಟ್ ಸಾಕು. ಯಾವ ಬ್ರಾಂಚಿನವರೇ ಆಗಲಿ ಬರಲಿ. ಮೂರು, ಗೇಟಿನೆದುರಿನ ಬ್ಯಾಗ್ ರಿಪೇರಿ ಅಣ್ಣನನ್ನೂ, ಹಾಸ್ಟೆಲ್ ಹಿಂದಿನ ಟೈಲರಮ್ಮನನ್ನೂ ಅವತ್ತು ಕರೆದು, ಸಂಭಾವನೆ ಕೊಟ್ಟು, ಅವರಿಂದ ಕಲಿಯೋಣ. ಗೆಸ್ಟ್ ಲೆಕ್ಚರ್ ಅಂದ್ರೆ ಕೋಟು ಹಾಕಿದವರೇ ಬರಬೇಕು ಅಂತ ಎಲ್ಲೂ ಬರೆದಿಲ್ಲ. ನಾಲ್ಕು, ರಿಪೇರಿಯಾದ ಪ್ರತಿ ಸಾಮಾನಿನ ಲೆಕ್ಕ ಒಂದು ರಿಜಿಸ್ಟರಿನಲ್ಲಿ ಇರಲಿ, ಕನ್ನಡದಲ್ಲಿ. ಯಾರು, ಯಾವತ್ತು, ಏನು ಮಾಡಿದರು, ಎಷ್ಟು ದಿನ ಬಾಳಿತು ಅಂತ. ಮುಂದಿನ ಬ್ಯಾಚಿಗೆ ನಾವು ಬಿಟ್ಟುಹೋಗೋ ಆಸ್ತಿ ಅದು.

ಮೊದಲ ಶನಿವಾರಕ್ಕೆ ತುಕ್ಕು ಹಿಡಿದ ಹಲಗೆಯನ್ನೂ, ಜಿಪ್ಪು ಹೋದ ನಾಲ್ಕು ಜಾಕೆಟ್‌ಗಳನ್ನೂ ನಾವು ತರ್ತೀವಿ. ಫೈಲ್ ಹಿಡಿಯೋಕೆ ಬರೋರು ಬನ್ನಿ. ಮೊದಲ ವರ್ಷದಲ್ಲಿ ಬೊಬ್ಬೆ ಬಂದ ಕೈಗಳಿಗೆ ಮೊದಲ ಆದ್ಯತೆ.